ದಿನಾ ಬೆಟ್ಟ ಹತ್ತೋರಿಗೂ ಫ್ಲೂ ಬರುತ್ತಾ?

"ದಿನಾ ಬೆಟ್ಟ ಹತ್ತೋರಿಗೂ ಜ್ವರ ಬರುತ್ತಾ?"

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಗೆ ಬಂದುಹೋದವರೆಲ್ಲ ಕೇಳಿದ್ದು ಇದೇ ಪ್ರಶ್ನೆ. ಅರ್ಧ ಕಾಳಜಿ, ಅರ್ಧ ಚೇಷ್ಟೆ. ನಿವೃತ್ತರಾದ ಮೇಲೆ ಅಪ್ಪ ವಾರಕ್ಕೆ ಐದು ದಿನ ಕರಿಘಟ್ಟ ಹತ್ತಿ ಇಳಿಯುತ್ತಾರೆ. ಊರಲ್ಲಿ ಅವರಿಗೆ 'ಬೆಟ್ಟದ ಮೇಷ್ಟ್ರು' ಅಂತಲೇ ಹೆಸರು. ಅಂಥವರಿಗೆ ಫ್ಲೂ ಬಂತು. ಎರಡು ದಿನ 102 ಡಿಗ್ರಿ ಜ್ವರ, ಮೈಕೈ ಮುರಿಯುವಂಥ ನೋವು, ಆಮೇಲೆ ವಾರವಿಡೀ ಕೆಮ್ಮು. ಎದ್ದು ಕೂತ ಮೇಲೆ ಅವರು ಹೇಳಿದ ಮೊದಲ ಮಾತು: "ಸಾಕು ಬಿಡು. ಇಷ್ಟು ವರ್ಷ ಮೆಟ್ಟಿಲು ತುಳಿದು ಏನು ಸಿಕ್ತು?"

ಅದೇ ತಿಂಗಳು ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಇನ್ನೊಂದು ಮಾತು ಕೇಳಿದೆ. ಫ್ಲೂ ಲಸಿಕೆ ಶಿಬಿರ ಅಂತ ಇಮೇಲ್ ಬಂದಿತ್ತು. ಪಕ್ಕದ ಸೀಟಿನ ಗೆಳೆಯ ಹಾಫ್ ಮ್ಯಾರಥಾನ್ ಓಡುವವನು. ಇಮೇಲ್ ನೋಡಿದವನೇ ಡಿಲೀಟ್ ಒತ್ತಿದ. "ನಾನು ಫಿಟ್ ಇದ್ದೀನಲ್ಲ, ನನಗ್ಯಾಕೆ ಸೂಜಿ?"

ಮೇಲ್ನೋಟಕ್ಕೆ ಅಪ್ಪನದೂ ಗೆಳೆಯನದೂ ಒಂದಕ್ಕೊಂದು ತದ್ವಿರುದ್ಧ ಮಾತು. ಆದರೆ ಇಬ್ಬರ ಒಳಗಿನ ನಂಬಿಕೆ ಒಂದೇ. ವ್ಯಾಯಾಮ ಅಂದರೆ ಕೋಟೆಯ ಗೋಡೆ, ಅದಿದ್ದರೆ ವೈರಸ್ ಒಳಗೆ ಬರಲ್ಲ ಅನ್ನೋದು. ಬಂತು ಅಂದಮೇಲೆ ಗೋಡೆಯೇ ಸುಳ್ಳು ಅಂತ ಒಬ್ಬರು, ಗೋಡೆ ಇದೆ ಅಂದಮೇಲೆ ಬೇರೆ ಕಾವಲು ಯಾಕೆ ಅಂತ ಇನ್ನೊಬ್ಬರು. ನಾನು ಡಾಕ್ಟರ್ ಅಲ್ಲ. ಆದರೆ ಅಪ್ಪನ ಶುಗರ್ ಗಡಿಯಲ್ಲಿದೆ, ವಯಸ್ಸು ಅರವತ್ತು ದಾಟಿದೆ. ಅವರು ಬೆಟ್ಟ ಬಿಟ್ಟರೆ ಏನಾಗುತ್ತೆ ಅನ್ನುವ ಚಿಂತೆಗೆ ಕೂತು ಓದತೊಡಗಿದೆ. ಸಂಶೋಧನೆಗಳು ಏನು ಹೇಳುತ್ತವೆ, ಏನು ಹೇಳಲ್ಲ ಅಂತ ಕೆದಕಿದೆ. ಗೋಡೆಯ ಹೋಲಿಕೆಯೇ ಸರಿಯಿಲ್ಲ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು.

ಮೆಟ್ಟಿಲು ಹತ್ತುವಾಗ ಒಳಗೇನಾಗುತ್ತೆ?

ಕರಿಘಟ್ಟ ನೋಡದವರಿಗೆ ಒಂದು ಮಾತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣ ಹತ್ತಿರ ಬರುತ್ತಿದ್ದಂತೆ ಕಾಣುವ ಬೆಟ್ಟ ಇದು. ನೆತ್ತಿಯಲ್ಲಿ ಶ್ರೀನಿವಾಸನ ಗುಡಿ. ಬುಡದಲ್ಲಿ ಲೋಕಪಾವನಿ ಹರಿದು ಕಾವೇರಿಗೆ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಅಂತ ಓದಿ ಗಾಬರಿಯಾಗಬೇಡಿ. ಶ್ರೀರಂಗಪಟ್ಟಣವೇ ಎರಡು ಸಾವಿರ ಅಡಿಗಿಂತ ಮೇಲಿದೆ. ಹತ್ತಬೇಕಾದ್ದು ನಾನೂರು ಚಿಲ್ಲರೆ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರದೆಂಟರ ಮುಂದೆ ಇದು ತಮ್ಮನಿದ್ದಂತೆ. ವಾಹನ ಹೋಗುವ ರಸ್ತೆಯೂ ಇದೆ, ಆದರೆ ಅದು ಈ ಲೇಖನಕ್ಕೆ ಸಂಬಂಧವಿಲ್ಲ!

ಸುಮಾರು ಐವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಬಡಿತ ಏರುತ್ತದೆ, ಅಡ್ರಿನಲಿನ್ ಸುರಿಯುತ್ತದೆ. ಅಲ್ಲಿಂದ ನಮ್ಮ ರಕ್ತದೊಳಗೆ ಒಂದು ತಮಾಷೆ ಶುರು. ನಮ್ಮ ಬಿಳಿ ರಕ್ತಕಣಗಳೆಲ್ಲ ಯಾವಾಗಲೂ ಹರಿಯುವ ರಕ್ತದಲ್ಲಿ ಓಡಾಡಿಕೊಂಡು ಇರುವುದಿಲ್ಲ. ದೊಡ್ಡ ಪಾಲು ರಕ್ತನಾಳದ ಗೋಡೆಗೆ ಅಂಟಿಕೊಂಡು, ಗುಲ್ಮದಲ್ಲಿ, ಶ್ವಾಸಕೋಶದಲ್ಲಿ ಸುಮ್ಮನೆ ಕೂತಿರುತ್ತದೆ. ಠಾಣೆಯಲ್ಲಿ ಕಾಫಿ ಕುಡಿಯುತ್ತಾ ಕೂತ ಪೊಲೀಸರ ಹಾಗೆ ಅನ್ನಿ. ರಕ್ತದ ಹರಿವು ಜೋರಾಗಿ, ಅಡ್ರಿನಲಿನ್ ತಟ್ಟಿದೊಡನೆ ಅವು ಎದ್ದು ಬೀಟ್‌ಗೆ ಹೊರಡುತ್ತವೆ. ಅದರಲ್ಲೂ ಮೊದಲು ಏಳುವವು 'ನ್ಯಾಚುರಲ್ ಕಿಲ್ಲರ್' ಅನ್ನುವ ಜಾತಿಯ ಕೋಶಗಳು. ವೈರಸ್ ಹೊಕ್ಕಿರುವ ನಮ್ಮದೇ ಕೋಶಗಳನ್ನು ಗುರುತಿಸಿ ಕೊಲ್ಲುವುದೇ ಇವುಗಳ ಕಸುಬು. ಜೋರಾದ ವ್ಯಾಯಾಮದಲ್ಲಿ ರಕ್ತದೊಳಗೆ ಇವುಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಅದೂ ನಿಮಿಷಗಳ ಲೆಕ್ಕದಲ್ಲಿ.

ಇದಕ್ಕಿಂತ ಕುತೂಹಲದ ವಿಷಯ ಬೆಟ್ಟ ಇಳಿದ ಮೇಲಿನದು. ಬೆವರು ಹರಿಯುವಷ್ಟು ವ್ಯಾಯಾಮ ಮಾಡಿ ಒಂದೆರಡು ಗಂಟೆ ಬಿಟ್ಟು ರಕ್ತ ತೆಗೆದು ನೋಡಿದರೆ ಈ ಕೋಶಗಳ ಸಂಖ್ಯೆ ಮೊದಲಿಗಿಂತ ಕಡಿಮೆ ಇರುತ್ತದೆ! ಎಷ್ಟೋ ವರ್ಷ ವಿಜ್ಞಾನಿಗಳು ಇದನ್ನು ನೋಡಿ "ಅಯ್ಯೋ, ವ್ಯಾಯಾಮದಿಂದ ರೋಗನಿರೋಧಕ ಶಕ್ತಿ ಕುಗ್ಗಿತು" ಅಂದುಕೊಂಡರು. ವ್ಯಾಯಾಮದ ನಂತರ ಕೆಲವು ಗಂಟೆ ದೇಹದ ಕಿಟಕಿ ತೆರೆದಿರುತ್ತದೆ, ಸೋಂಕು ನುಗ್ಗಬಹುದು ಅನ್ನುವ ವಾದವೇ ಹುಟ್ಟಿಕೊಂಡಿತು.

ಕೋಶಗಳು ಸತ್ತಿರಲಿಲ್ಲ, ಎಲ್ಲೋ ಹೋಗಿದ್ದವು. ಎಲ್ಲಿಗೆ? ಇಲಿಗಳ ಕೋಶಗಳಿಗೆ ಗುರುತು ಹಚ್ಚಿ ಓಡಿಸಿ ನೋಡಿದಾಗ ಅವು ಶ್ವಾಸಕೋಶಕ್ಕೆ, ಕರುಳಿಗೆ, ಮೂಳೆಮಜ್ಜೆಗೆ ಹೋಗಿ ಸೇರಿಕೊಂಡಿದ್ದು ಕಂಡಿತು. ಅಂದರೆ ರೋಗಾಣು ಒಳನುಗ್ಗುವ ಬಾಗಿಲುಗಳಲ್ಲಿ ಕಾವಲಿಗೆ. ರಕ್ತದಲ್ಲಿ ಕಡಿಮೆ ಕಂಡಿದ್ದು ಪೊಲೀಸರು ರಸ್ತೆ ಬಿಟ್ಟು ಗಲ್ಲಿಗೆ ಇಳಿದಿದ್ದರಿಂದ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಜೇಮ್ಸ್ ಟರ್ನರ್ 2018ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ, ವ್ಯಾಯಾಮ ರೋಗನಿರೋಧಕತೆಯನ್ನು ಕುಗ್ಗಿಸುತ್ತದೆ ಅನ್ನುವುದು ಮಿಥ್ಯೆ ಎಂದು ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಚರ್ಚೆ ಇನ್ನೂ ನಡೆದಿದೆ. ನನಗಂತೂ ಇವರ ವಾದ ಹೆಚ್ಚು ಸರಿ ಕಾಣುತ್ತದೆ.

ಮರುದಿನದ ಹೊತ್ತಿಗೆ ಲೆಕ್ಕ ಮತ್ತೆ ಮೊದಲಿನಂತೆ. ಹಾಗಾಗಿ ಭಾನುವಾರ ಒಂದು ದಿನ ಬೆಟ್ಟ ಹತ್ತಿ, ಮೇಲೆ ನಿಂತು ಸೆಲ್ಫಿ ತೆಗೆದು, ಉಳಿದ ಆರು ದಿನ ಕುರ್ಚಿಯಲ್ಲಿ ಕೂತರೆ ಆ ಒಂದು ದಿನದ ಗಸ್ತು ಮಾತ್ರ ಸಿಗುತ್ತದೆ. ವಾರಕ್ಕೆ ಐದು ದಿನ ಹತ್ತುವವರಿಗೆ ಐದು ದಿನದ ಗಸ್ತು.

ಹಾಗಾದರೆ ಫ್ಲೂ ಕಡಿಮೆ ಆಗುತ್ತಾ?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ವಾಟ್ಸಾಪ್‌ನಲ್ಲಿ ಹರಿದಾಡುವಷ್ಟು ಸುಲಭದ ಉತ್ತರ ಇಲ್ಲ.

ಅಮೆರಿಕದ ಡೇವಿಡ್ ನೀಮನ್ ಈ ಕ್ಷೇತ್ರದ ಹಳೆಯ ಹೆಸರು. ಅವರ ತಂಡ 18ರಿಂದ 85 ವರ್ಷದ 1,002 ಜನರನ್ನು ಚಳಿಗಾಲದ ಆಸುಪಾಸಿನ 12 ವಾರ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ವಾರಕ್ಕೆ ಐದು ಅಥವಾ ಹೆಚ್ಚು ದಿನ ವ್ಯಾಯಾಮ ಮಾಡುವವರು ನೆಗಡಿ, ಕೆಮ್ಮು, ಗಂಟಲು ನೋವಿನಿಂದ ಬಳಲಿದ ದಿನಗಳು ಕೂತೇ ಇರುವವರಿಗಿಂತ 43% ಕಡಿಮೆ. ವಯಸ್ಸು, ಊಟ, ಒತ್ತಡ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು.

ಆದರೂ ಇದು ಗಮನಿಸಿದ ಅಧ್ಯಯನ, ಪ್ರಯೋಗವಲ್ಲ. ಬೆಳಗ್ಗೆ ಐದಕ್ಕೆ ಏಳುವವರ ಬದುಕಿನಲ್ಲಿ ಲೆಕ್ಕಕ್ಕೆ ಸಿಗದ ಇನ್ನೂ ಎಷ್ಟೋ ಒಳ್ಳೆಯ ಅಭ್ಯಾಸ ಇರುತ್ತವೆ. ಹಾಗಾಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ರೂಸ್ ಬ್ಯಾರೆಟ್ ತಂಡದ ಪ್ರಯೋಗ ನನಗೆ ಹೆಚ್ಚು ಹಿಡಿಸಿತು. ಐವತ್ತು ದಾಟಿದ 149 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರ ವ್ಯಾಯಾಮದ ತರಬೇತಿ, ಇನ್ನೊಂದಕ್ಕೆ ಧ್ಯಾನದ ತರಬೇತಿ, ಮೂರನೆಯದಕ್ಕೆ ಏನೂ ಇಲ್ಲ. ಚಳಿಗಾಲ ಮುಗಿದ ಮೇಲೆ ಲೆಕ್ಕ ಹಾಕಿದರೆ, ಏನೂ ಮಾಡದ ಗುಂಪು ಉಸಿರಾಟದ ಸೋಂಕಿನಿಂದ ಒಟ್ಟು 453 ದಿನ ಬಳಲಿತ್ತು. ವ್ಯಾಯಾಮದ ಗುಂಪು 241 ದಿನ. ಧ್ಯಾನದ ಗುಂಪು 257 ದಿನ. ಹೌದು, ಕಣ್ಣುಮುಚ್ಚಿ ಕೂತವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ! ಒತ್ತಡ ಇಳಿಸುವುದರಲ್ಲೇ ಗುಟ್ಟಿನ ಒಂದು ಭಾಗ ಇರಬಹುದು. ಮುಂದೆ ಇದೇ ತಂಡ ಇನ್ನೂ ದೊಡ್ಡದಾಗಿ ಪ್ರಯೋಗ ಮಾಡಿದಾಗ ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಾಣಲಿಲ್ಲ ಅನ್ನುವುದನ್ನೂ ಹೇಳಲೇಬೇಕು.

ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ 2020ರಲ್ಲಿ 14 ಪ್ರಯೋಗಗಳನ್ನು ತೂಗಿತು. ವ್ಯಾಯಾಮ ಮಾಡಿದರೆ ಸೋಂಕು ಬರುವ ಸಲಗಳೇ ಕಡಿಮೆಯಾಗುತ್ತವೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಆದರೆ ಬಂದಾಗ ಅದರ ತೀವ್ರತೆ ಕಡಿಮೆ ಇರಬಹುದು ಅನ್ನುವುದಕ್ಕೆ ಸಿಕ್ಕಿತು, ಅದೂ ಗಟ್ಟಿ ಆಧಾರವೇನಲ್ಲ.

ನನಗೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ವೈರಸ್ ಮೂಗಿನೊಳಗೆ ಬರುವುದನ್ನು ಬೆಟ್ಟ ತಡೆಯಲ್ಲ. ಮೊಮ್ಮಗ ಶಾಲೆಯಿಂದ ತಂದು ಮುಖದ ಮೇಲೆ ಸೀನಿದರೆ ಸೋಂಕು ತಗುಲಬಹುದು, ನೀವು ಎವರೆಸ್ಟ್ ಹತ್ತಿದ್ದರೂ ಅಷ್ಟೇ. ಬೆಟ್ಟ ಮಾಡಬಹುದಾದ್ದು ಅದರ ನಂತರದ ಕೆಲಸ. ಎಷ್ಟು ಬೇಗ ಪತ್ತೆ ಹಚ್ಚುತ್ತೇವೆ, ಎಷ್ಟು ದಿನ ಮಲಗುತ್ತೇವೆ, ಮನೆಯಲ್ಲೇ ವಾಸಿಯಾಗುತ್ತಾ, ಆಸ್ಪತ್ರೆ ಸೇರಬೇಕಾ ಅನ್ನುವುದು.

ಈ ಕೊನೆಯದು ಸಣ್ಣ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೋವಿಡ್ ತಗುಲಿದ 48,440 ಜನರ ದಾಖಲೆ ನೋಡಿದ ಅಧ್ಯಯನವೊಂದು 2021ರಲ್ಲಿ ಬಂತು. ಸೋಂಕಿಗೆ ಮುಂಚಿನ ಎರಡು ವರ್ಷ ವ್ಯಾಯಾಮವನ್ನೇ ಮಾಡದವರು ಆಸ್ಪತ್ರೆ ಸೇರುವ ಸಾಧ್ಯತೆ, ವಾರಕ್ಕೆ 150 ನಿಮಿಷ ಮಾಡುತ್ತಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಕೋವಿಡ್ ಬೇರೆ ವೈರಸ್, ನಿಜ. ಫ್ಲೂ ವಿಷಯದಲ್ಲಿ ಹಾಂಗ್‌ಕಾಂಗ್‌ನ ಅಧ್ಯಯನ ಹತ್ತಿರದ್ದು. 1998ರಲ್ಲಿ ಅಲ್ಲಿ ತೀರಿಕೊಂಡ 24 ಸಾವಿರಕ್ಕೂ ಹೆಚ್ಚು ಜನರ ಬದುಕಿನ ವಿವರ ಕಲೆಹಾಕಿ ನೋಡಿದಾಗ, ಮಿತವಾಗಿ ವ್ಯಾಯಾಮ ಮಾಡುತ್ತಿದ್ದವರಲ್ಲಿ ಫ್ಲೂಗೆ ಸಂಬಂಧಿಸಿದ ಸಾವಿನ ಅಪಾಯ ಏನೂ ಮಾಡದವರಿಗಿಂತ ಕಡಿಮೆ ಇತ್ತು.

ಅಪ್ಪ ಐದೂ ದಿನ ಬೆಟ್ಟ ಹತ್ತದೇ ಇದ್ದಿದ್ದರೆ ಅವರ ಫ್ಲೂ ಇನ್ನೂ ಜೋರಾಗಿರುತ್ತಿತ್ತು ಅಂತ ನಾನು ಹೇಳಲಾರೆ. ಒಬ್ಬ ಮನುಷ್ಯನ ಮೇಲೆ ಅಂಥ ಲೆಕ್ಕ ಹಾಕೋಕಾಗಲ್ಲ. ಇದನ್ನೇ ಅವರಿಗೂ ಹೇಳಿದೆ. "ಅಂದ್ರೆ ಗ್ಯಾರಂಟಿ ಇಲ್ಲ" ಅಂದರು. ಇಲ್ಲ ಅಂದೆ. ಲೆಕ್ಕದ ಮೇಷ್ಟ್ರು ಆಗಿದ್ದವರು. ಸಂಭವನೀಯತೆಯ ಪಾಠ ಅವರೇ ನನಗೆ ಹೇಳಿಕೊಟ್ಟಿದ್ದು. ಎರಡು ವಾರ ಬಿಟ್ಟು ಮತ್ತೆ ಷೂ ಹುಡುಕಿದರು.

ಗಟ್ಟಿ ಮೈಯೂ ಜ್ವರವೂ

ಕರಿಘಟ್ಟದ ಮೇಲೆ ನಿಂತರೆ ಶ್ರೀರಂಗಪಟ್ಟಣದ ದ್ವೀಪ ಪೂರ್ತಿ ಕಾಣುತ್ತದೆ. ಆ ಊರಿನ ಇತಿಹಾಸದಲ್ಲೇ ನಮ್ಮ ವಿಷಯಕ್ಕೆ ಬೇಕಾದ ಒಂದು ಕತೆ ಇದೆ. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ರಾತ್ರೋರಾತ್ರಿ ದಾಳಿ ಮಾಡಿದಾಗ ಒಂದು ತುಕಡಿ ಮೊದಲು ವಶಪಡಿಸಿಕೊಂಡಿದ್ದು ಇದೇ ಕರಿಘಟ್ಟವನ್ನು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಶ್ರೀರಂಗಪಟ್ಟಣದಲ್ಲೇ ಸೈನ್ಯ ಇಟ್ಟರು. ದಿನಾ ಕವಾಯತು ಮಾಡಿ ಉಕ್ಕಿನಂತಿದ್ದ ಸಿಪಾಯಿಗಳು. ಆದರೆ ಜ್ವರ ಅವರನ್ನು ಸಾಲುಸಾಲಾಗಿ ಮಲಗಿಸಿತು. ಸೊಳ್ಳೆಯಿಂದ ಮಲೇರಿಯಾ ಹರಡುತ್ತೆ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ನಾವು ಇವತ್ತು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದರ ಹಿಂದೆ ಶ್ರೀರಂಗಪಟ್ಟಣದ ಜ್ವರವೂ ಇದೆ!

ಮಲೇರಿಯಾ ಬೇರೆ, ಫ್ಲೂ ಬೇರೆ ಅಂತೀರಾ? ಸರಿ, ಫ್ಲೂದೇ ಉದಾಹರಣೆ ತಗೊಳ್ಳಿ. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು. ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. ಸಾಮಾನ್ಯವಾಗಿ ಫ್ಲೂ ಸಾಯಿಸುವುದು ಪುಟ್ಟ ಮಕ್ಕಳನ್ನು, ಮುದುಕರನ್ನು. ಆ ಸಲ ವಿಚಿತ್ರವಾಗಿ 20ರಿಂದ 40 ವರ್ಷದ ಗಟ್ಟಿಮುಟ್ಟಾದ ಹರೆಯದವರನ್ನೇ ಹೆಚ್ಚಾಗಿ ಹಿಡಿಯಿತು. ಅಂದರೆ ನನ್ನ ಗೆಳೆಯನ ವಯಸ್ಸಿನವರನ್ನು. ದೇಹ ಹಿಂದೆಂದೂ ನೋಡದ ಹೊಸ ವೈರಸ್ ಬಂದಾಗ ತೋಳಿನ ದಪ್ಪ ಯಾವ ಲೆಕ್ಕಕ್ಕೂ ಇರಲ್ಲ.

ಹೆಚ್ಚು ಓಡಿದರೆ ಹೆಚ್ಚು ಲಾಭವಾ?

ಗೆಳೆಯನ ವಿಷಯ ಬಂತಲ್ಲ, ಮ್ಯಾರಥಾನ್ ಕತೆಯನ್ನೂ ಹೇಳಿಬಿಡುತ್ತೇನೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಮುಗಿದ ಮೇಲೆ ಇದೇ ನೀಮನ್ 2,311 ಓಟಗಾರರಿಂದ ವಿವರ ಸಂಗ್ರಹಿಸಿದ್ದರು. ಓಡಿದವರಲ್ಲಿ 12.9% ಜನ ಮುಂದಿನ ಒಂದು ವಾರದಲ್ಲಿ ಸೋಂಕಿನ ಲಕ್ಷಣ ಬಂತು ಅಂದರು. ಅಷ್ಟೇ ತರಬೇತಿ ಪಡೆದು ಏನೋ ಕಾರಣಕ್ಕೆ ಆ ದಿನ ಓಡದವರಲ್ಲಿ 2.2% ಮಾತ್ರ. ಇದರಿಂದ ಹುಟ್ಟಿದ್ದು ಇಂಗ್ಲಿಷಿನ 'ಜೆ' ಅಕ್ಷರದ ಆಕಾರದ ಪ್ರಸಿದ್ಧ ನಕ್ಷೆ. ಏನೂ ಮಾಡದವರಿಗೆ ನಡುಮಟ್ಟದ ಅಪಾಯ, ಮಿತವಾಗಿ ಮಾಡುವವರಿಗೆ ಕಡಿಮೆ, ಅತಿಯಾಗಿ ಮಾಡುವವರಿಗೆ ಎಲ್ಲರಿಗಿಂತ ಹೆಚ್ಚು.

ಬಾತ್‌ನವರ ತಕರಾರು ಹೀಗಿದೆ. ಮ್ಯಾರಥಾನ್ ಅಂದರೆ ಬರೀ ಓಟ ಅಲ್ಲ. ಹಿಂದಿನ ರಾತ್ರಿ ನಿದ್ದೆ ಇಲ್ಲ, ಬಸ್ಸಿನ ಪ್ರಯಾಣ, ಸಾವಿರಾರು ಜನರ ನಡುವೆ ನಿಂತು ಕಾಯುವುದು, ಆತಂಕ. ಸೋಂಕು ಅಲ್ಲಿಂದ ಬಂದಿರಬಹುದು. ಮೇಲಾಗಿ ಓಟಗಾರರು ಹೇಳಿದ್ದು 'ಗಂಟಲು ಕೆರೆತ ಇತ್ತು' ಅಂತ. ಯಾರೂ ಲ್ಯಾಬಿನಲ್ಲಿ ಪರೀಕ್ಷಿಸಿರಲಿಲ್ಲ. ಮುಂದೆ ಇನ್ನೊಂದು ಅಧ್ಯಯನದಲ್ಲಿ ಕ್ರೀಡಾಪಟುಗಳ ಗಂಟಲು ದ್ರವ ಪರೀಕ್ಷೆ ಮಾಡಿದಾಗ ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮಾತ್ರ ರೋಗಾಣು ಸಿಕ್ಕಿತು. ಉಳಿದವರಿಗೆ ಧೂಳೋ, ಒಣಗಾಳಿಯೋ, ಅಲರ್ಜಿಯೋ ಇದ್ದಿರಬೇಕು.

ನಿದ್ದೆಯ ಮಾತನ್ನು ಮಾತ್ರ ಹಗುರವಾಗಿ ತಗೋಬೇಡಿ. 2015ರ ಒಂದು ಪ್ರಯೋಗದಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಬಿಟ್ಟು ನೋಡಿದರು (ಅಂಥ ಪ್ರಯೋಗಕ್ಕೆ ಒಪ್ಪಿದವರು ಧೈರ್ಯವಂತರೇ). ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಾಧ್ಯತೆ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ರಾತ್ರಿ ಒಂದರವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಮುಗಿಸಿ, ಐದಕ್ಕೆ ಅಲಾರಂ ಇಟ್ಟು ಜಿಮ್‌ಗೆ ಓಡುವ ಪೈಕಿ ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಆ ದಿನ ಅಲಾರಂ ಆಫ್ ಮಾಡಿ ಮಲಗುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನು ಇಂಥ ಲೇಖನಗಳು ಸಾಮಾನ್ಯವಾಗಿ ಮರೆತೇಬಿಡುತ್ತವೆ. ಕೆ.ಆರ್. ಪೇಟೆ ಕಡೆ ಇರುವ ನನ್ನ ಸೋದರತ್ತೆಗೆ "ವ್ಯಾಯಾಮ ಮಾಡಿ" ಅಂದರೆ ನಗುತ್ತಾರೆ. ಕಬ್ಬಿನ ಗದ್ದೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿದ ಸೊಂಟ ಎತ್ತದ ಹೆಣ್ಣುಮಗಳು. ಪಾಂಡವಪುರ, ನಾಗಮಂಗಲ ಎಲ್ಲ ಕಡೆ ಇಂಥವರೇ. ಇವರ ಗಂಟೆಗಟ್ಟಲೆ ದುಡಿಮೆ ನಮ್ಮ ನಲವತ್ತು ನಿಮಿಷದ ಬೆಟ್ಟಕ್ಕಿಂತ ಮ್ಯಾರಥಾನ್‌ಗೇ ಹತ್ತಿರ. ಇವರಿಗೆ ಬೇಕಾದ್ದು ಇನ್ನಷ್ಟು ಓಡಾಟವಲ್ಲ. ನಡುವೆ ವಿರಾಮ, ಹೊಟ್ಟೆತುಂಬ ಊಟ, ರಾತ್ರಿ ನಿದ್ದೆ ಬೇಕು. ದೀರ್ಘ ಓಟದ ನಡುವೆ ಸಕ್ಕರೆ ಅಂಶದ ಪಾನೀಯ ಕೊಟ್ಟರೆ ದೇಹದ ಒತ್ತಡದ ಹಾರ್ಮೋನು ಕಡಿಮೆ ಏರುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಅದರಿಂದ ನೆಗಡಿ ನಿಲ್ಲುತ್ತೆ ಅಂತಲ್ಲ. ಆದರೆ ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಕಡೆಯ ಪದ್ಧತಿ ಬರೀ ಶಿಷ್ಟಾಚಾರವಲ್ಲ ಅನ್ನಿಸಿತು ನನಗೆ.

ವಯಸ್ಸಾದವರಿಗೆ ಯಾಕೆ ಹೆಚ್ಚು ಮುಖ್ಯ

ಎದೆಮೂಳೆಯ ಹಿಂದೆ ಥೈಮಸ್ ಅನ್ನುವ ಪುಟ್ಟ ಗ್ರಂಥಿ ಇದೆ. ಟಿ ಕೋಶಗಳೆಂಬ ಸೈನಿಕರಿಗೆ ತರಬೇತಿ ಕೊಡುವ ಶಾಲೆ ಅದು. ಬೇಜಾರಿನ ಸಂಗತಿ ಅಂದರೆ ಹರೆಯ ದಾಟುತ್ತಿದ್ದಂತೆ ಅದು ಕುಗ್ಗತೊಡಗುತ್ತದೆ. ಅರವತ್ತರ ಹೊತ್ತಿಗೆ ಹೊಸ ವಿದ್ಯಾರ್ಥಿಗಳು ಹೊರಬರುವುದು ಅಷ್ಟಕ್ಕಷ್ಟೇ. ವಯಸ್ಸಾದವರಿಗೆ ಹೊಸ ಫ್ಲೂ ತಳಿ ಹೆಚ್ಚು ಕಾಡುವುದಕ್ಕೆ ಇದೂ ಒಂದು ಕಾರಣ.

2018ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನಿಹಾರಿಕಾ ದುಗ್ಗಲ್, ಜಾನೆಟ್ ಲಾರ್ಡ್ ಮತ್ತಿತರರು 55ರಿಂದ 79 ವರ್ಷದ 125 ಸೈಕಲ್ ಸವಾರರನ್ನು ಪರೀಕ್ಷಿಸಿದರು. ಜೀವನದ ಬಹುಪಾಲು ಸೈಕಲ್ ತುಳಿದವರು ಅವರು. ಅವರ ರಕ್ತದಲ್ಲಿ ಥೈಮಸ್‌ನಿಂದ ಹೊಸದಾಗಿ ಹೊರಬಂದ ಟಿ ಕೋಶಗಳ ಪ್ರಮಾಣ ಹರೆಯದವರಲ್ಲಿ ಇರುವಷ್ಟೇ ಇತ್ತು! ಅದೇ ವಯಸ್ಸಿನ ಕೂತು ಬದುಕಿದವರಲ್ಲಿ ಕಡಿಮೆ. ಎಲ್ಲ ಅಂಶಗಳೂ ಹರೆಯದವರಂತೆ ಇರಲಿಲ್ಲ, ಕೆಲವು ಕೋಶಗಳು ಮುಪ್ಪಾಗಿಯೇ ಇದ್ದವು. ಆದರೂ ಈ ಫಲಿತಾಂಶ ಓದಿ ನನಗೆ ಖುಷಿಯಾಯಿತು. ಮೂವತ್ತರಲ್ಲಿ ಶುರು ಮಾಡಿದರೆ ಲಾಭ ಸಿಗುವುದು ಅರವತ್ತೈದರಲ್ಲಿ. ಪಿಎಫ್ ಇದ್ದ ಹಾಗೆ.

ಶುಗರ್ ಇರುವವರಿಗೆ ಇನ್ನೊಂದು ದಾರಿಯಲ್ಲೂ ಲಾಭ. ಮಧುಮೇಹ ಹತೋಟಿಯಲ್ಲಿ ಇಲ್ಲದವರಿಗೆ ಫ್ಲೂ ಬಂದರೆ ನ್ಯುಮೋನಿಯಾ ಆಗಿ ಬಿಗಡಾಯಿಸುವ ಸಾಧ್ಯತೆ ಹೆಚ್ಚು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ತಳಿಯ ಸುದ್ದಿ ಎಲ್ಲೆಲ್ಲೂ ಹಬ್ಬಿದಾಗ ಹಾಸನ ಜಿಲ್ಲೆಯ ವೃದ್ಧರೊಬ್ಬರ ಸಾವು ವರದಿಯಾಗಿದ್ದು ನೆನಪಿರಬಹುದು. ದಿನಾ ನಡೆಯುವುದರಿಂದ ಸಕ್ಕರೆ ಅಂಶ ಇಳಿಯುತ್ತದೆ ಅನ್ನುವುದರಲ್ಲಿ ಯಾವ ವಿಜ್ಞಾನಿಗೂ ಸಂಶಯ ಇಲ್ಲ. ಅಪ್ಪ ಬೆಟ್ಟ ಬಿಡಬಾರದು ಅಂತ ನಾನು ಹಟ ಹಿಡಿದಿದ್ದಕ್ಕೆ ನಿಜವಾದ ಕಾರಣ ಇದೇ.

ಜ್ವರ ಬಂದಾಗ ಹತ್ತಬಹುದಾ?

"ಬೆವರು ಹೋದ್ರೆ ಜ್ವರ ಹೋಗುತ್ತೆ" ಅಂತ ಜ್ವರದಲ್ಲೇ ಓಡುವವರಿದ್ದಾರೆ. ದಯವಿಟ್ಟು ಬೇಡ. ಕ್ರೀಡಾ ವೈದ್ಯರು ಕುತ್ತಿಗೆಯ ಲೆಕ್ಕ ಹೇಳುತ್ತಾರೆ. ಕುತ್ತಿಗೆಯಿಂದ ಮೇಲೆ ಮಾತ್ರ ತೊಂದರೆ, ಅಂದರೆ ಮೂಗು ಸೋರುವುದು, ಸಣ್ಣ ಗಂಟಲು ಕೆರೆತ ಇದ್ದರೆ ನಿಧಾನಕ್ಕೆ ನಡೆಯಬಹುದು. ಕುತ್ತಿಗೆಯಿಂದ ಕೆಳಗೆ ಇಳಿದರೆ, ಅಂದರೆ ಎದೆ ಕೆಮ್ಮು, ಮೈಕೈ ನೋವು, ಜ್ವರ ಇದ್ದರೆ ಪೂರ್ತಿ ವಿಶ್ರಾಂತಿ. ಫ್ಲೂ ವೈರಸ್ ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ. ಆ ಹೊತ್ತಿನಲ್ಲಿ ಹೃದಯಕ್ಕೆ ಕೆಲಸ ಹೆಚ್ಚಿಸಿದರೆ ಜೀವಕ್ಕೇ ಅಪಾಯ.

ಪ್ಯಾರಾಸಿಟಮಾಲ್ ಇಲ್ಲದೆ ಒಂದು ಇಡೀ ದಿನ ಜ್ವರ ಇಲ್ಲ ಅಂದಮೇಲಷ್ಟೇ ಹೊರಗೆ ಕಾಲಿಡುವುದು. ಅದೂ ಬೆಟ್ಟಕ್ಕಲ್ಲ, ಮನೆ ಮುಂದಿನ ರಸ್ತೆಗೆ. ಅಪ್ಪ ಮೊದಲ ವಾರ ಲೋಕಪಾವನಿ ದಡದಲ್ಲಿ ಸಮತಟ್ಟಾದ ದಾರಿಯಲ್ಲಿ ನಡೆದರು. ಎರಡನೇ ವಾರ ನೂರು ಮೆಟ್ಟಿಲು, ನಾಲ್ಕನೇ ವಾರಕ್ಕೆ ಗುಡಿ ಮುಟ್ಟಿದರು. ನಡುವೆ ಎದೆ ನೋವು, ಏದುಸಿರು, ಎದೆ ಢವಢವ ಅನ್ನುವುದು ಕಂಡರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಅರವತ್ತೈದು ದಾಟಿದವರು, ಗರ್ಭಿಣಿಯರು, ಆಸ್ತಮಾ, ಶುಗರ್ ಇರುವವರು ಫ್ಲೂ ಅನಿಸಿದ ಮೊದಲ ಎರಡು ದಿನದಲ್ಲೇ ವೈದ್ಯರನ್ನು ನೋಡಿ. ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು 48 ಗಂಟೆಯೊಳಗೆ ಶುರು ಮಾಡಿದರೆ.

ಕರಿಘಟ್ಟಕ್ಕೇ ಸಂಬಂಧಿಸಿದ ಒಂದು ಎಚ್ಚರಿಕೆ. ಬೇಸಿಗೆ ಬಂತೆಂದರೆ ಈ ಬೆಟ್ಟದ ಒಣಹುಲ್ಲಿಗೆ ಯಾರೋ ಕಿಡಿಗೇಡಿಗಳು ಬೆಂಕಿ ಹಾಕುವುದು ಮಾಮೂಲಿಯಾಗಿದೆ. ನೆಟ್ಟ ಸಸಿಗಳೂ ಸುಟ್ಟು ಹೋಗುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಹೊಗೆ ಇರುವ ದಿನ ಹತ್ತಬೇಡಿ. ಏದುಸಿರು ಬಿಡುತ್ತಾ ಹೊಗೆ ಎಳೆದುಕೊಂಡರೆ ಶ್ವಾಸನಾಳದ ಒಳಪದರಕ್ಕೆ ಪೆಟ್ಟು, ವೈರಸ್‌ಗೆ ಬಾಗಿಲು ತೆರೆದಂತೆ.

ಗೆಳೆಯನಿಗೆ ತೋರಿಸಿದ ಅಧ್ಯಯನ

ಲಸಿಕೆ ಬೇಡ ಅಂದ ಗೆಳೆಯನಿಗೆ ನಾನು ಕಳಿಸಿದ್ದು ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಮರಿಯನ್ ಕೋಹುಟ್ ತಂಡದ 2022ರ ವರದಿ. ಫ್ಲೂ ಅಥವಾ ಕೋವಿಡ್ ಲಸಿಕೆ ಹಾಕಿಸಿಕೊಂಡ ಕೂಡಲೇ 90 ನಿಮಿಷ ಮಧ್ಯಮ ವೇಗದಲ್ಲಿ ನಡೆದವರಲ್ಲಿ ಅಥವಾ ಸೈಕಲ್ ತುಳಿದವರಲ್ಲಿ, ನಾಲ್ಕು ವಾರದ ನಂತರ ಪ್ರತಿಕಾಯಗಳ ಪ್ರಮಾಣ ಸುಮ್ಮನೆ ಕೂತವರಿಗಿಂತ ಹೆಚ್ಚಿತ್ತು. 45 ನಿಮಿಷ ಮಾಡಿದವರಲ್ಲಿ ಈ ಲಾಭ ಕಾಣಲಿಲ್ಲ. ಚಿಕ್ಕ ಅಧ್ಯಯನ, ಇನ್ನೂ ದೊಡ್ಡದಾಗಿ ನಡೆಯಬೇಕು. ಇದಕ್ಕೂ ಮೊದಲು 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜೆಫ್ರಿ ವುಡ್ಸ್ ತಂಡ 144 ಹಿರಿಯರನ್ನು ಹತ್ತು ತಿಂಗಳು ಗಮನಿಸಿತ್ತು. ಎದೆಬಡಿತ ಏರಿಸುವ ವ್ಯಾಯಾಮ ಮಾಡಿದವರಲ್ಲಿ ಫ್ಲೂ ಲಸಿಕೆಯ ರಕ್ಷಣೆ 24 ವಾರದ ನಂತರವೂ ಹೆಚ್ಚು ಜನರಲ್ಲಿ ಉಳಿದಿತ್ತು. ಬರೀ ಸಮತೋಲನ, ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅಷ್ಟು ಉಳಿಯಲಿಲ್ಲ.

ಅಂದರೆ ಫಿಟ್ ಆಗಿರುವವರಿಗೆ ಲಸಿಕೆ ಬೇಡ ಅನ್ನುವುದು ತಲೆಕೆಳಗಾದ ಲೆಕ್ಕ. ಲಸಿಕೆಯ ಪೂರ್ತಿ ಲಾಭ ಸಿಗುವುದು ಅಂಥವರಿಗೇ. ಗೆಳೆಯ ಓದಿ ಒಂದು ಹೆಬ್ಬೆರಳಿನ ಚಿಹ್ನೆ ಕಳಿಸಿದ. ಹಾಕಿಸಿಕೊಂಡನೋ ಇಲ್ಲವೋ ಹೇಳಿಲ್ಲ.

ಎಷ್ಟು ವ್ಯಾಯಾಮ ಸಾಕು ಅಂತ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ವ್ಯಾಯಾಮ, ಎರಡು ದಿನ ಸ್ನಾಯು ಗಟ್ಟಿಮಾಡುವ ಕೆಲಸ. ಮಧ್ಯಮ ಅಂದರೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಕರಿಘಟ್ಟ ಹತ್ತುತ್ತಾ ಪಕ್ಕದವರ ಜೊತೆ ಹರಟೆ ಹೊಡೆಯಲು ಆಗುತ್ತಿದ್ದರೆ ಸರಿಯಾದ ವೇಗ. ಬೆಟ್ಟವೇ ಬೇಕು ಅಂತಿಲ್ಲ. ಅಪಾರ್ಟ್‌ಮೆಂಟಿನ ಮೆಟ್ಟಿಲು, ಮೆಟ್ರೋ ನಿಲ್ದಾಣದವರೆಗಿನ ನಡಿಗೆ ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಕಡೆ ಫ್ಲೂ ವರ್ಷಕ್ಕೆ ಎರಡು ಸಲ ತಲೆ ಎತ್ತುತ್ತದೆ. ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ. ಕರಿಘಟ್ಟದ ಜಾತ್ರೆ ಬರುವುದೂ ಫೆಬ್ರುವರಿ–ಮಾರ್ಚ್ ಹೊತ್ತಿಗೇ. ಮೆಟ್ಟಿಲ ಮೇಲೆ ಜನ ಒಬ್ಬರಿಗೊಬ್ಬರು ತಾಗಿಕೊಂಡು ಹತ್ತುವ ದಿನ ಅದು. ಲಸಿಕೆ ಹಾಕಿಸಿಕೊಂಡ ಮೇಲೆ ದೇಹ ಸಜ್ಜಾಗಲು ಸುಮಾರು ಎರಡು ವಾರ ಬೇಕು. ಹಾಗಾಗಿ ಜಾತ್ರೆಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಡಿಸೆಂಬರ್‌ನಲ್ಲೇ ಅವರ ವೈದ್ಯರನ್ನು ಕೇಳಿ ಹಾಕಿಸಿಬಿಡಿ. ಹಾಕಿಸಿದ ದಿನ ಅವರ ಮೈ ಒಪ್ಪಿದರೆ ಜೊತೆಗೆ ಒಂದೂವರೆ ಗಂಟೆ ನಿಧಾನಕ್ಕೆ ನಡೆದು ಬನ್ನಿ.